ಮಾವನ ಕಾಮಿಕ್ಸ್ ಪಂಕ್ತಿ

ಚೆನ್ನೈಯಲ್ಲಿ ನಮ್ಮ ಮಾವ ಓದದ ಕಾಮಿಕ್ಸ್ ಪುಸ್ತಕವೇ ಇಲ್ಲ ಎಂದು ಜನ ಹೇಳುತ್ತಾರೆ. ನಾನು ಅವರ ಖಾಸಾ ತಂಗಿಯ ಮಗಳು, ನನ್ನ ಮಾತು ಕೇಳಿ. ಚೆನ್ನೈಯಲ್ಲಿ ನಮ್ಮ ಮಾವ ಓದಿದ ಕಾಮಿಕ್ಸ್ ಪುಸ್ತಕ ಒಂದೂ ಇಲ್ಲ! ಕಳೆದ ತಿಂಗಳವರೆಗೆ ಇರಲಿಲ್ಲ, ಅಷ್ಟನ್ನಂತೂ ಆಣೆ ಮಾಡಿ ಹೇಳಬಲ್ಲೆ.

ಮನೆಯ ಗುಟ್ಟನ್ನು ಹೀಗೆ ಬೀದಿಗೆ ತರಬಹುದೇ ಎಂದು ಹುಬ್ಬೇರಿಸಬೇಡಿ. ಮಾವನ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ. "ಬರಿ ಮಾರಾಯ್ತಿ, ಆದ್ರೆ ಹೆಸ್ರು ಮಾತ್ರ ಹಾಕ್ಬೇಡ. ಸಾಂಬಾರಿಗೆ ಉಪ್ಪು ಜಾಸ್ತಿ ಆದ ದಿನ ಜನ ಇದನ್ನೂ ಸೇರ್ಸಿ ಬೈತ್ರ್" ಎಂದರು. ಹಾಗಾಗಿ ಹೆಸರಿಲ್ಲ. ತ್ರಿಪ್ಲಿಕೇನಿನಲ್ಲಿ ಮೆಸ್ಸು ಇರುವ ಮಾವಂದಿರು ಬೇಕಾದಷ್ಟು ಜನ ಇದ್ದಾರೆ, ನೀವು ಹುಡುಕುತ್ತಾ ಹೋಗಬೇಡಿ.

ಮಾವ ಕುಂದಾಪುರದ ಕಡೆಯವರು. ಮೂರನೇ ಕ್ಲಾಸಿನವರೆಗೆ ಕನ್ನಡ ಕಲಿತು, ಮೀಸೆ ಬಂದ ಮೇಲೆ ನೆಂಟರ ಮೆಸ್ಸಿನಲ್ಲಿ ಅಡುಗೆ ಮಾಡಲೆಂದು ತ್ರಿಪ್ಲಿಕೇನಿಗೆ ಬಂದರು. ಬರಬರುತ್ತಾ ಮೆಸ್ಸು ಅವರದೇ ಆಯಿತು. ಅವರ ತಮಿಳು ಮಾತು ಕೇಳಬೇಕು ನೀವು! ಬದನೆಕಾಯಿಗೆ ಚೌಕಾಸಿ ಮಾಡಲು ನಿಂತರೆಂದರೆ ಪಕ್ಕದ ಅಂಗಡಿಯವನು ತನ್ನ ವ್ಯಾಪಾರ ಬಿಟ್ಟು ಕಿವಿಗೊಡುತ್ತಾನೆ. ಆದರೆ ತಮಿಳು ಅವರ ಕಿವಿಯಿಂದ ಒಳಗೆ ಹೋಯಿತೇ ಹೊರತು ಕಣ್ಣಿನಿಂದ ಹೋಗಲಿಲ್ಲ. ತಮಿಳು ಅಕ್ಷರವೆಂದರೆ ಅವರ ಪಾಲಿಗೆ ಬಾಣಲೆಯಲ್ಲಿ ಮುರಿದುಹೋದ ಚಕ್ಕುಲಿ, ಅಷ್ಟೇ.

ಅತ್ತೆ ಇಲ್ಲೇ ಹುಟ್ಟಿ ತಮಿಳಿನಲ್ಲೇ ಓದಿದವರು. ಮದುವೆಯಾದ ಹೊಸದರಲ್ಲಿ ಗಂಡನಿಗೆ ಅಕ್ಷರ ಕಲಿಸಲು ಸ್ಲೇಟು ತಂದರಂತೆ. ಎರಡನೆಯ ದಿನವೇ ಮಾವ ಆ ಸ್ಲೇಟನ್ನು ಮೆಸ್ಸಿಗೆ ಒಯ್ದು, "ಇದ್ರಲ್ಲಿ ಇವತ್ತಿನ ಪಲ್ಯ ಯಾವುದು ಅಂತ ಬರ್ದ್ ಕೊಡ್" ಎಂದು ಹೆಂಡತಿಯ ಕೈಗೇ ಕೊಟ್ಟರು. ಪಾಠ ಅಲ್ಲಿಗೆ ಮುಗಿಯಿತು. ಪಲ್ಯದ ಬೋರ್ಡು ಬರೆಯುವ ಕೆಲಸ ಅತ್ತೆಗೆ ಇಂದಿಗೂ ತಪ್ಪಿಲ್ಲ.

ಹಾಗಾದರೆ ಇಷ್ಟು ವರ್ಷ ಸಿಕ್ಕಿಬೀಳದೆ ಹೇಗೆ ಬದುಕಿದರು? ಅದಕ್ಕೆ ಅವರ ಬಳಿ ಒಂದು ಬ್ರಹ್ಮಾಸ್ತ್ರವಿತ್ತು. ಯಾರು ಯಾವ ಕಾಗದ ಚಾಚಿದರೂ ಎದೆಯ ಜೇಬು ತಟ್ಟಿಕೊಂಡು, "ಅಯ್ಯೋ, ಕನ್ನಡಕ ಮರ್ತ್ ಬಂದೆ. ಸ್ವಲ್ಪ ನೀವೇ ಓದಿ" ಎನ್ನುತ್ತಿದ್ದರು. ಬ್ಯಾಂಕಿನಲ್ಲಿ ಅದೇ ಮಾತು, ರೇಷನ್ ಅಂಗಡಿಯಲ್ಲಿ ಅದೇ ಮಾತು, ಮದುವೆಯ ಕರೆಯೋಲೆ ಬಂದಾಗಲೂ ಅದೇ ಮಾತು. ನಲವತ್ತು ವರ್ಷ ಒಂದೇ ಕನ್ನಡಕವನ್ನು ಮರೆತ ಮನುಷ್ಯ ಇವರೊಬ್ಬರೇ ಇರಬೇಕು. ಅಷ್ಟಕ್ಕೂ ಆ ಕನ್ನಡಕ ಎಲ್ಲಿತ್ತು? ಎಲ್ಲಿಯೂ ಇರಲಿಲ್ಲ! ಮೆಸ್ಸಿನ ಆ ತುದಿಯ ಎಲೆಯಲ್ಲಿ ಪಲ್ಯ ಮುಗಿದದ್ದು ಈ ತುದಿಯಿಂದ ಕಾಣುವ ಕಣ್ಣು ಅವರದು.

ಇಂಥವರ ಕೈಗೆ ಕಾಮಿಕ್ಸ್ ಬಂದದ್ದು ಇಡ್ಲಿಯ ದೆಸೆಯಿಂದ. ಪಾರ್ಸೆಲ್ ಕಟ್ಟಲು ಹಳೆ ಪೇಪರನ್ನು ತೂಕದ ಲೆಕ್ಕದಲ್ಲಿ ತರಿಸುತ್ತಿದ್ದರಲ್ಲ, ಅದರ ನಡುವೆ ಚಿತ್ರದ ಪುಸ್ತಕಗಳೂ ಬರುತ್ತಿದ್ದವು. ಬರೀ ಅಕ್ಷರವಿರುವ ಹಾಳೆಯನ್ನು ಮಾವ ಕಣ್ಣು ಮಿಟುಕಿಸದೆ ಹರಿದು ವಡೆ ಕಟ್ಟುತ್ತಿದ್ದರು. ಚಿತ್ರವಿರುವ ಹಾಳೆಯನ್ನು ಹರಿಯಲು ಕೈ ಬರುತ್ತಿರಲಿಲ್ಲ. "ಕುದ್ರಿ ಮೇಲೆ ಹೋತಾ ಇಪ್ಪವನ ಮುಖಕ್ಕೆ ಚಟ್ನಿ ಮೆತ್ತುದಾ?" ಎಂದು ಕೇಳುತ್ತಿದ್ದರು. ಹಾಗೆ ಉಳಿದ ಪುಸ್ತಕಗಳು ಮೆಸ್ಸಿನ ಮಹಡಿಯ ಮೇಲೆ ಅಕ್ಕಿ ಮೂಟೆಗಳ ಪಕ್ಕದಲ್ಲಿ ಬೆಳೆದವು, ಬೆಳೆದು ಗೋಡೆ ಮುಚ್ಚಿದವು.

ನನ್ನ ಅಪ್ಪ ರೈಲ್ವೆಯಲ್ಲಿದ್ದರು. ನಮ್ಮ ಮನೆ ಮೆಸ್ಸಿನಿಂದ ಎರಡು ಬೀದಿ ಆಚೆ. ಶಾಲೆ ಬಿಟ್ಟ ಮೇಲೆ ನಾನು ಮಾವನ ಮಹಡಿಯಲ್ಲೇ ಠಿಕಾಣಿ. ಮಾವ ಹುಣಸೆಹಣ್ಣಿನ ನಾರು ಬಿಡಿಸುತ್ತಾ, ಎದುರಿಗೆ ಪುಸ್ತಕ ತೆರೆದಿಟ್ಟು ನನಗೆ ಕಥೆ ಹೇಳುತ್ತಿದ್ದರು. ಅದರಲ್ಲಿ ಒಂದು ಪುಸ್ತಕ ನಮ್ಮಿಬ್ಬರಿಗೂ ಬಹಳ ಇಷ್ಟ. ಮುಖಕ್ಕೆ ಮುಸುಕು ಹಾಕಿಕೊಂಡವನೊಬ್ಬ ಬೆನ್ನಿಗೆ ಮೂಟೆ ಹೊತ್ತು ಕುದುರೆಯ ಮೇಲೆ ಓಡುತ್ತಾನೆ. ಹಿಂದೆ ಒಬ್ಬ ಮೀಸೆಯವನು ಅಟ್ಟಿಸಿಕೊಂಡು ಬರುತ್ತಾನೆ. ಮಾವ ಹೇಳುವ ಪ್ರಕಾರ ಆ ಮುಸುಕಿನವನು ಬೈಂದೂರಿನ ಅಡುಗೆಯವನು. ಮೂಟೆಯಲ್ಲಿರುವುದು ಅಕ್ಕಿ. ಮೀಸೆಯವನು ಅವನ ಲುಚ್ಚಾ ಧಣಿ. ಹಸಿದ ಊರಿಗೆ ಅನ್ನ ಮಾಡಿ ಹಾಕಲು ಅಡುಗೆಯವನು ಅಕ್ಕಿ ಹೊತ್ತು ಓಡುತ್ತಿದ್ದಾನೆ! ಆ ಕಥೆ ಕೇಳಿ ನಾನು ಎಷ್ಟು ಸಲ ಕಣ್ಣೊರೆಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಹತ್ತನೆಯ ವಯಸ್ಸಿಗೆ ನನಗೆ ಶಾಲೆಯಲ್ಲಿ ತಮಿಳು ಓದಲು ಸರಾಗವಾಗಿ ಬಂತು. ಬಂದದ್ದು ಸುಮ್ಮನಿರಬೇಕಲ್ಲ? ಒಂದು ಮಧ್ಯಾಹ್ನ ಆ ಪುಸ್ತಕ ತೆಗೆದು ಓದಿದೆ. ಓದಿ ನೇರ ಕೆಳಗಿಳಿದು, ಊಟಕ್ಕೆ ಕೂತಿದ್ದ ಅಷ್ಟೂ ಜನರ ನಡುವೆ ನಿಂತು ಘೋಷಿಸಿದೆ.

"ಮಾವಾ, ಮುಸುಕಿನವ ಕಳ್ಳ! ಮೂಟೇಲಿ ಇರೋದು ಚಿನ್ನ! ಮೀಸೆಯವ್ರು ಪೊಲೀಸು, ಅವ್ರೇ ಹೀರೋ! ಪುಸ್ತಕದಲ್ಲಿ ಹಾಗೇ ಇದೆ!"

ಮಾವ ಸೌಟಿನಲ್ಲಿದ್ದ ಸಾರನ್ನು ಎದುರಿನ ಎಲೆಗೆ ಬಡಿಸಿದರು. ಆಮೇಲೆ ಸಲೀಸಾಗಿ, "ಪುಸ್ತಕ ಬರ್ದವಂಗೆ ಬೈಂದೂರಿನ ವಿಷ್ಯ ಎಂತ ಗೊತ್ತಿತ್ತ್?" ಎಂದು ಮುಂದಿನ ಎಲೆಗೆ ಹೋದರು. ಊಟದವರೆಲ್ಲ ನಕ್ಕರು. ಮಾವನೂ ನಕ್ಕರು. ಆದರೆ ಸಂಜೆ ಮಹಡಿಗೆ ಕರೆದು, ನನ್ನ ಕೈಯಲ್ಲಿ ಒಂದು ದಪ್ಪ ಮೈಸೂರು ಪಾಕಿಟ್ಟು, ನನ್ನ ಮುಖ ನೋಡದೆ ಹೇಳಿದರು: "ಮಗಾ, ನಂಗೆ ಈ ಅಕ್ಷರ ಬತ್ತಿಲ್ಲ. ಯಾರ್ ಹತ್ರೂ ಹೇಳ್ಬೇಡ."

ನಾನು ಹೇಳಲಿಲ್ಲ. ಅಂದಿನಿಂದ ಪ್ರತಿ ವರ್ಷ ಶಾಲೆ ಶುರುವಾಗುವ ದಿನ ನನಗೊಂದು ಮೈಸೂರು ಪಾಕು ಬರುತ್ತದೆ. ಈಗ ಅಡ್ಯಾರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ, ತಲೆಗೂದಲು ನರೆಯುತ್ತಿದೆ, ಸಕ್ಕರೆ ಕಾಯಿಲೆಯೂ ಬಾಗಿಲಲ್ಲಿ ನಿಂತಿದೆ. ಆದರೂ ಬರುತ್ತದೆ!

ಇನ್ನು ಚೆನ್ನೈಯ ಕಾಮಿಕ್ಸ್ ಸಮಾವೇಶದ ವಿಷಯಕ್ಕೆ ಬರುತ್ತೇನೆ. ಈಗ ಶೋಳಿಂಗನಲ್ಲೂರಿನ ದೊಡ್ಡ ಹಾಲಿನಲ್ಲಿ, ಬ್ಯಾನರು ಬಲೂನು ಕಟ್ಟಿ, ಟಿಕೆಟ್ಟು ಇಟ್ಟು ನಡೆಯುವ ಈ ವಾರ್ಷಿಕ ಗದ್ದಲ ಹುಟ್ಟಿದ್ದು ಹೇಗೆ ಅಂತೀರಿ? ನಮ್ಮ ಮಾವ ಮೆಸ್ಸಿಗೆ ಸುಣ್ಣ ಹೊಡೆಸಿದ್ದರಿಂದ.

ಆಯುಧಪೂಜೆಗೆ ಮುಂಚೆ ವರ್ಷಕ್ಕೊಂದು ದಿನ ಮೆಸ್ಸಿನ ಅಡುಗೆಮನೆಗೆ ಸುಣ್ಣ. ಆ ದಿನ ಒಲೆ ಹಚ್ಚುವಂತಿಲ್ಲ. ಸುತ್ತಲಿನ ಲಾಡ್ಜುಗಳ ಬ್ರಹ್ಮಚಾರಿಗಳಿಗೆ ಇದನ್ನು ವಾರದ ಮೊದಲೇ ಹೇಳಿದ್ದರೂ ಕಾಲು ಕೇಳಬೇಕಲ್ಲ? ಹನ್ನೊಂದು ಜನ ಬಂದು ಬಾಗಿಲಲ್ಲಿ ನಿಂತರು. "ಸಾಪ್ಪಾಡು ಇಲ್ಲೆಯಾ ಅಣ್ಣಾ?" ಎಂದು ಒಬ್ಬ ಅಳುವ ದನಿಯಲ್ಲಿ ಕೇಳಿದ. ಬಂದವರನ್ನು ಹಾಗೇ ಕಳಿಸಿ ಮಾವನಿಗೆ ಅಭ್ಯಾಸವಿಲ್ಲ. "ಊಟ ಇಲ್ಲ. ಆದರೆ ಕೂತುಕೊಳ್ಳಿ, ಬೇರೆ ಏನೋ ಬಡಿಸುತ್ತೇನೆ" ಎಂದು ತಮಿಳಿನಲ್ಲಿ ಹೇಳಿ ಮಹಡಿ ಹತ್ತಿಸಿದರು.

ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ, ಅಂದು ರಜೆಯೆಂದು ಅಲ್ಲೇ ಇದ್ದೆ. ಮಾವ ಚಾಪೆ ಹಾಸಿ ಹನ್ನೊಂದು ಜನರನ್ನು ಸಾಲಾಗಿ ಕೂರಿಸಿದರು. ಎಲ್ಲರಿಗೂ ಕೈ ತೊಳೆಸಿದರು. ಎಲೆಯ ಬದಲು ಎದುರಿಗೆ ಒಂದೊಂದು ಹಳೆ ಕ್ಯಾಲೆಂಡರಿನ ಹಾಳೆ. ಆಮೇಲೆ ಬಡಿಸತೊಡಗಿದರು. ಮೊದಲು ಎರಡು ಪುಟದ ನಗೆಚಿತ್ರ, ಅದು ಉಪ್ಪು ಉಪ್ಪಿನಕಾಯಿ. ನಂತರ ತೆಳ್ಳನೆಯ ಪುಸ್ತಕ, ಅದು ಕೋಸಂಬರಿ. ಆಮೇಲೆ ದಪ್ಪ ಸಾಹಸ ಕಥೆ, ಅನ್ನ ಸಾರು. ಕೊನೆಗೆ ಬಣ್ಣದ ಪುಸ್ತಕ, ಪಾಯಸ! ನೀವು ನಂಬಲಿಕ್ಕಿಲ್ಲ, "ಇನ್ನೊಂದು ಹಾಕ್ಲಾ?" ಎಂದು ಕೇಳುತ್ತಾ ಬೇಡ ಬೇಡವೆಂದವರಿಗೂ ಹಾಕಿದರು.

ಸಾಲಿನ ಕೊನೆಯಲ್ಲಿ ಪಕ್ಕದ ಲಾಡ್ಜಿನ ವಾಚ್‌ಮನ್ ಕೂತಿದ್ದ. ಅವನು ಬೆರಳನ್ನು ಅಕ್ಷರದ ಕೆಳಗಿಟ್ಟು, ತುಟಿ ಅಲ್ಲಾಡಿಸುತ್ತಾ, ಒಂದೊಂದೇ ಅಕ್ಷರ ಕೂಡಿಸಿ ಓದುವವನು. ಉಳಿದವರು ಪಾಯಸ ಮುಗಿಸಿದಾಗ ಅವನು ಕೋಸಂಬರಿಯಲ್ಲೇ ಇದ್ದ. ಒಬ್ಬ ಅವನನ್ನು ನೋಡಿ ಕಿಸಕ್ಕೆಂದ. ಇಬ್ಬರು ಎದ್ದರು. ವಾಚ್‌ಮನ್ ಮೆಲ್ಲಗೆ ಪುಸ್ತಕ ಮುಚ್ಚಿ ತಾನೂ ಏಳಹೊರಟ.

"ಏಳೂಕಿಲ್ಲ!"

ಮಾವ ಗುಡುಗಿದ ರಭಸಕ್ಕೆ ಕೆಳಗೆ ಸುಣ್ಣ ಹೊಡೆಯುವವನ ಬ್ರಷ್ಷು ಬಿತ್ತು. ಏಳಬಾರದು ಎಂಬ ಆ ಕುಂದಾಪುರದ ಮಾತು ತಮಿಳರಿಗೆ ಅರ್ಥವಾಗಲೇಬೇಕೆಂದಿಲ್ಲ, ದನಿ ಅರ್ಥವಾಯಿತು. ಎದ್ದವರು ಕೂತರು. ಪಂಕ್ತಿಯಲ್ಲಿ ಕೊನೆಯವನ ಊಟ ಮುಗಿಯದೆ ಯಾರೂ ಏಳುವ ಪದ್ಧತಿಯಿಲ್ಲ, ಓದಿಗೂ ಅದೇ ಕಾನೂನು ಎಂದು ಮಾವ ಸಾರಿದರು. ವಾಚ್‌ಮನ್ ಪುಸ್ತಕವನ್ನು ಮತ್ತೆ ತೆರೆದ. ಒಂದೂವರೆ ಗಂಟೆ ಓದಿದ! "ಅಣ್ಣಾ, ಕಾಲ್ ಮರತ್ತು ಪೋಚ್ಚು" ಎಂದು, ಕಾಲು ಜೋಮು ಹಿಡಿದವರೆಲ್ಲ ಗೋಗರೆದರೂ ಮಾವ ಜಪ್ಪಯ್ಯ ಎನ್ನಲಿಲ್ಲ. ಊಟದ ಮನೆಯ ಪದ್ಧತಿಯನ್ನು ಪುಸ್ತಕಕ್ಕೂ ಹಚ್ಚುವ ಇವರದು ಎಂಥ ಹುಚ್ಚು ಎಂದು ನಾನು ಹೊಟ್ಟೆ ಹಿಡಿದು ನಕ್ಕೆ. ಆ ನಗುವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಅದಕ್ಕೆ ನಾಚಿಕೆಪಡುವುದಿದೆ.

ಮರುವರ್ಷ ಸುಣ್ಣದ ದಿನ ಅದೇ ಹನ್ನೊಂದು ಜನ ತಮ್ಮ ಗೆಳೆಯರನ್ನೂ ಕರೆತಂದರು. ಅದರ ಮರುವರ್ಷ ಸಾಲು ಮೆಟ್ಟಿಲಿಗಿಳಿಯಿತು. ಆಮೇಲೆ ಓಣಿಗಿಳಿಯಿತು. ಜನ ತಮ್ಮ ಮನೆಯ ಹಳೆ ಪುಸ್ತಕಗಳನ್ನೂ ತಂದು ಬಡಿಸಲು ಕೊಟ್ಟರು. ಸುಣ್ಣಕ್ಕೆ ಒಂದು ದಿನ ಸಾಲದೆಂದು ಮೆಸ್ಸಿಗೆ ಎರಡು ದಿನ ರಜೆಯಾಯಿತು. ಒಂದು ವರ್ಷವಂತೂ ಪಂಕ್ತಿಯ ಭರಾಟೆಯಲ್ಲಿ ಸುಣ್ಣ ಹೊಡೆಸುವುದೇ ಮರೆತುಹೋಗಿ, ಅತ್ತೆ ಮೂರು ದಿನ ಮಾತು ಬಿಟ್ಟರು!

ಇಷ್ಟರಲ್ಲಿ ಮಾವನ ಹೆಸರು ಊರೂರಿಗೆ ಹಬ್ಬಿತು. ಎಲ್ಲೆಲ್ಲಿಂದಲೋ ಪುಸ್ತಕ ಸಂಗ್ರಹಿಸುವವರು ಬರತೊಡಗಿದರು. ಮಾವನಿಗೆ ತಮಿಳು ಶೀರ್ಷಿಕೆ ಓದಲು ಬಾರದಲ್ಲ, ಹಾಗಾಗಿ ಪ್ರತಿ ಪುಸ್ತಕಕ್ಕೂ ಕಂದು ಕಾಗದದ ಹೊದಿಕೆ ಹಾಕಿ, ಒಳಗಿನ ಚಿತ್ರ ನೋಡಿ ತಮ್ಮದೇ ಹೆಸರು ಕನ್ನಡದಲ್ಲಿ ಬರೆದಿದ್ದರು. 'ಕುಂಟ ಕುದುರೆ', 'ಹಡಗಿನಲ್ಲಿ ಜಗಳ', 'ಸಿಟ್ಟಿನ ಹೆಂಗಸು', 'ಸಿಟ್ಟಿನ ಹೆಂಗಸು, ಎರಡನೇ ಸಲ'. ಒಮ್ಮೆ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕರೊಬ್ಬರು ಬಂದು ಇದನ್ನೆಲ್ಲ ಕಂಡು ಬೆರಗಾದರು. ಪುಸ್ತಕದ ಹೆಸರು ಬಿಟ್ಟು ದೃಶ್ಯದ ಆಧಾರದಲ್ಲಿ ವರ್ಗೀಕರಿಸುವ ಈ ಕ್ರಮವನ್ನು ಎಲ್ಲಿ ಕಲಿತಿರಿ ಎಂದು ಕೇಳಿದರು. ಮಾವ ಗಂಭೀರವಾಗಿ ಜೇಬು ತಟ್ಟಿಕೊಂಡರು. "ಅಡುಗೆಮನೆಯಲ್ಲಿ ಸಾರ್. ಡಬ್ಬಿಯ ಮೇಲೆ ಹೆಸರು ಏನೇ ಇರಲಿ, ಮುಚ್ಚಳ ತೆಗೆದು ನೋಡಿಯೇ ಹಾಕಬೇಕು" ಎಂದರು. ಪ್ರಾಧ್ಯಾಪಕರು ಅದನ್ನು ಬರೆದುಕೊಂಡು ಹೋದರು!

ಓಣಿಯವರು ದೂರು ಕೊಟ್ಟ ಮೇಲೆ ಪಂಕ್ತಿ ಅಡ್ಯಾರಿನ ಒಂದು ಶಾಲೆಯ ಸಭಾಂಗಣಕ್ಕೆ ಹೋಯಿತು. ಹುಡುಗರು ಹುಡುಗಿಯರು, ಅವರ ಅಪ್ಪ ಅಮ್ಮಂದಿರು, ಯಾರ ಪಕ್ಕ ಯಾರು ಬೇಕಾದರೂ ನೆಲದ ಮೇಲೆ ಸಾಲಾಗಿ ಕೂತರು. ಮಾವ ಸಾಲುಗಳ ನಡುವೆ ಪಂಚೆ ಎತ್ತಿ ಕಟ್ಟಿ ಓಡಾಡಿ ಬಡಿಸಿದರು. ಸಂಜೆ ಆರಾಯಿತು, ಆರೂವರೆಯಾಯಿತು. ಮೂರನೇ ಸಾಲಿನ ಒಂದು ಪುಟ್ಟ ಹುಡುಗಿ ಇನ್ನೂ ಓದುತ್ತಿದ್ದಳು. ಹೊರಗೆ ಕಾರುಗಳು ಬೀದಿಯ ತಿರುವಿನ ತನಕ ನಿಂತಿದ್ದವು. ಮುಖ್ಯೋಪಾಧ್ಯಾಯಿನಿ ಓಡಿಬಂದು, "ಸಾರ್, ಇವರನ್ನೆಲ್ಲ ಕಳಿಸಿಬಿಡಿ, ಟ್ರಾಫಿಕ್ ಪೊಲೀಸರು ಬಂದಿದ್ದಾರೆ" ಎಂದು ಅಂಗಲಾಚಿದರು. ಮಾವ ಹೊರಗೆ ಹೋದರು. ಐದು ನಿಮಿಷದಲ್ಲಿ ಪೊಲೀಸಿನವರನ್ನೂ ಒಳಗೆ ಕರೆತಂದು ಕೈ ತೊಳೆಸಿ ಸಾಲಿನಲ್ಲಿ ಕೂರಿಸಿದರು.

ಅಲ್ಲಿಂದ ಶೋಳಿಂಗನಲ್ಲೂರು. ಆ ಶಾಲೆಯ ಪಂಕ್ತಿಯಲ್ಲಿ ಕೂತು ಬೆಳೆದ ಮಕ್ಕಳೇ ದೊಡ್ಡವರಾಗಿ, ಇದನ್ನು ನಾವು ಅಚ್ಚುಕಟ್ಟಾಗಿ ನಡೆಸುತ್ತೇವೆ ಎಂದು ವಹಿಸಿಕೊಂಡರು. ಅಚ್ಚುಕಟ್ಟೆಂದರೆ ಎಂಥ ಅಚ್ಚುಕಟ್ಟು! ಮಳಿಗೆಗಳ ಸಾಲು, ಚಿತ್ರ ಬರೆಯುವವರ ಸಾಲು, ಸೆಲ್ಫಿಗೆ ಬೇರೆ ಸಾಲು. ತರಾವರಿ ವೇಷ ಹಾಕಿಕೊಂಡು ಬರುವವರೇ ಅರ್ಧ ಜನ. ಮಾವನಿಗೆಂದು ಒಂದು ಮೂಲೆಯಲ್ಲಿ ದೊಡ್ಡ ಜಮಖಾನ ಹಾಸಿ, 'ತಾತನ ಪಂಕ್ತಿ' ಎಂದು ಬೋರ್ಡು ಹಾಕಿಕೊಟ್ಟರು. ಅಲ್ಲಿ ಮಾವನ ಕಾನೂನೇ ಕಾನೂನು. ಮೊದಲ ವರ್ಷ ಮೈಗೆಲ್ಲ ಬೆಳ್ಳಿಬಣ್ಣ ಬಳಿದುಕೊಂಡ ಯುವಕನೊಬ್ಬ ಬಂದು ಕೂತ. ಮಾವ ಅವನ ಅಂಗೈ ತಿರುಗಿಸಿ ನೋಡಿ, "ತೊಳ್ಕೊಂಡ್ ಬಾ" ಎಂದು ಕನ್ನಡದಲ್ಲೇ ಅಂದರು. ಅವನು ತಾನು ಬೇರೆ ಗ್ರಹದ ರಾಜನೆಂದೂ ಮೂರು ಗಂಟೆ ಕೂತು ಬಣ್ಣ ಹಚ್ಚಿಸಿಕೊಂಡದ್ದೆಂದೂ ವಿವರಿಸಿದ. "ಯಾವ ಗ್ರಹವಾದರೇನು, ಕೈ ತೊಳೆಯದೆ ಕೂರುವ ಹಾಗಿಲ್ಲ" ಎಂದರು ಮಾವ. ಆ ರಾಜ ಮೊಣಕೈ ತನಕ ಮನುಷ್ಯನಾಗಿ, ಮೇಲೆ ಬೆಳ್ಳಿಯಾಗಿ ಹಿಂದಿರುಗಿ ಬಂದು ಎರಡು ಗಂಟೆ ಓದಿ ಹೋದ. ಈಗಲೂ ವರ್ಷ ವರ್ಷ ಬರುತ್ತಾನೆ, ಬಣ್ಣವನ್ನು ಮೊಣಕೈಗೇ ನಿಲ್ಲಿಸಿಕೊಂಡು!

ಹೀಗೆ ಎಲ್ಲವೂ ಸುಖವಾಗಿ ನಡೆದಿತ್ತು. ಈ ವರ್ಷದ ಶುರುವಿನಲ್ಲಿ ಸಂಘಟಕರ ಮುಖಂಡಳಾದ ಹುಡುಗಿ ಮೆಸ್ಸಿಗೆ ಬಂದಳು. ಅಡ್ಯಾರಿನಲ್ಲಿ ಆರೂವರೆಯ ತನಕ ಓದುತ್ತಾ ಕೂತಿದ್ದಳಲ್ಲ, ಅವಳೇ. "ತಾತಾ, ಈ ಸಲ ಉದ್ಘಾಟನೆ ನಿಮ್ಮದೇ. ದೀಪ ಗೀಪ ಏನೂ ಬೇಡ. ನಿಮ್ಮ ಸಂಗ್ರಹದ ಅತಿ ಹಳೆಯ ಪುಸ್ತಕ ತನ್ನಿ. ವೇದಿಕೆಯ ಮೇಲೆ ಮೊದಲ ನಾಲ್ಕು ಪುಟ ಓದಿ. ಚಿತ್ರ ಹಿಂದೆ ಪರದೆಯ ಮೇಲೆ ಕಾಣುತ್ತದೆ" ಎಂದಳು.

ನಾನು ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದೆ. ಮಾವನ ಕೈ ಎದೆಯ ಜೇಬಿನ ಕಡೆ ಹೋಗುವುದನ್ನೇ ಕಾದೆ. ಹೋಗಲಿಲ್ಲ. "ಓದುತ್ತೇನಮ್ಮ" ಎಂದುಬಿಟ್ಟರು!

ಅವಳು ಹೋದ ಕೂಡಲೇ ನಾನೂ ಅತ್ತೆಯೂ ಮುಗಿಬಿದ್ದೆವು. "ಮಾವ, ನಿಮ್ಗೆ ತಲೆ ಸರಿ ಉಂಟಾ? ಅಷ್ಟು ಸಾವಿರ ಜನರ ಎದುರು ಏನು ಓದ್ತೀರಿ? ಬೈಂದೂರಿನ ಕಥೆ ಹೇಳಿದ್ರೆ ಪರದೆ ಮೇಲಿನ ಅಕ್ಷರ ಎಲ್ಲರಿಗೂ ಕಾಣ್ತದೆ!" ಎಂದೆ. ಇಷ್ಟು ವರ್ಷ ಕಾಪಾಡಿಕೊಂಡ ಮಾನ ಒಂದೇ ದಿನದಲ್ಲಿ ಹೋಗುತ್ತದಲ್ಲ! ಕೆಮ್ಮು ಬಂತೆಂದು ಹೇಳೋಣ ಎಂದೆ. ನಿಮಗೆ ಗಂಟಲು ಕಟ್ಟಿದೆಯೆಂದು ಹೇಳಿ ನಾನೇ ಓದುತ್ತೇನೆ ಎಂದೆ. ಬೆನ್ನ ಹಿಂದೆ ಕೂತು ಪಿಸುಗುಟ್ಟುತ್ತೇನೆ, ನೀವು ಜೋರಾಗಿ ಹೇಳಿ ಎಂದೆ. ಮಾವ ಯಾವುದಕ್ಕೂ ಬಗ್ಗಲಿಲ್ಲ. "ನನ್ ಎಲಿಗೆ ಬಡಿಸಿದ್ದನ್ನ ನಾನೇ ಉಣ್ಕ್, ನೀ ಉಂಡ್ರೆ ಹ್ಯಾಂಗ್ ಆತ್ತ್?" ಎಂದು ಅಕ್ಕಿ ಆರಿಸುತ್ತಾ ಕೂತರು.

ಅದರ ಮೇಲೆ ಇನ್ನೊಂದು ಹುಚ್ಚು ಶುರುವಾಯಿತು. ಬಸ್ಸಿನ ಹುಚ್ಚು! ಹಿರಿಯರಿಗೆಂದು ಕೊಡುವ ಪುಕ್ಕಟೆ ಟೋಕನ್ನುಗಳನ್ನು ಮಾವ ಅಲ್ಲಿಯ ತನಕ ಮುಟ್ಟಿದವರೇ ಅಲ್ಲ. ಈಗ ಮಧ್ಯಾಹ್ನದ ಊಟ ಮುಗಿಸಿದರೆಂದರೆ ಬಸ್ ಸ್ಟಾಪಿಗೆ ಹೊರಟರು. ಅಲ್ಲಿ ಬಂದ ಬಸ್ಸನ್ನೆಲ್ಲ ದಿಟ್ಟಿಸಿ ನೋಡುವುದು, ಒಂದನ್ನು ಹತ್ತುವುದು, ಕೊನೆಯ ಸ್ಟಾಪಿನವರೆಗೆ ಹೋಗುವುದು, ಅದೇ ಬಸ್ಸಿನಲ್ಲಿ ಹಿಂದಿರುಗುವುದು. ಒಂದು ದಿನ ನಮ್ಮ ಬ್ಯಾಂಕಿನ ಎದುರಿನ ಸ್ಟಾಪಿನಲ್ಲಿ ಇಳಿದು ನಿಂತಿದ್ದರು. ಕೆಲಸವಿತ್ತಾ ಮಾವ ಎಂದರೆ, "ಇಲ್ಲ, ಅಡ್ಯಾರ್ ಬಂತಾ ಅಂತ ಕಂಡೆ" ಎಂದರು. ಅಡ್ಯಾರ್ ಎಲ್ಲಿಗೆ ಹೋಗುತ್ತದೆ ಮಹರಾಯರೇ? ಅತ್ತೆ ಫೋನಿನಲ್ಲಿ ನಿಟ್ಟುಸಿರು ಬಿಟ್ಟರು. "ಓದೂಕೆ ಒಪ್ಕೊಂಡ್ ಹೆದ್ರಿಕೆಗೆ ನಿಮ್ ಮಾವನ ತಲೆ ಕೆಟ್ಟಿತ್ತ್ ಕಾಣತ್ತೆ. ದಿನಾ ನಾಕ್ ಬಸ್ ಹತ್ತಿ ಇಳೀತ್ರ್" ಎಂದರು. ನನಗೂ ಹಾಗೇ ಅನ್ನಿಸಿತು. ನರಗಳ ಡಾಕ್ಟರಿಗೆ ತೋರಿಸುವ ಮಾತೂ ಆಯಿತು.

ಆ ದಿನ ಬಂದೇಬಂತು. ನಾನೂ ಅತ್ತೆಯೂ ಎರಡನೇ ಸಾಲಿನಲ್ಲಿ ಕೂತೆವು. ಹಾಲು ಕಿಕ್ಕಿರಿದಿತ್ತು. ಮುಂದಿನ ಜಮಖಾನದ ತುದಿಯಲ್ಲಿ, ಮೊದಲ ವರ್ಷದಿಂದ ಒಂದೂ ತಪ್ಪಿಸದ ವಾಚ್‌ಮನ್ ಕೋಲು ಪಕ್ಕದಲ್ಲಿಟ್ಟು ಕೂತಿದ್ದ. ಈಗ ಅವನೂ ಹಣ್ಣು ಮುದುಕ. ಮಾವ ಇಸ್ತ್ರಿ ಮಾಡಿದ ಪಂಚೆಯುಟ್ಟು ವೇದಿಕೆ ಹತ್ತಿದರು. ಕಂಕುಳಲ್ಲಿ ಪುಸ್ತಕ. ಹೊದಿಕೆಯ ಮೇಲೆ ಕನ್ನಡದಲ್ಲಿ 'ಬೈಂದೂರಿನ ಅಡುಗೆಯವ'. ಅದೇ ಮುಸುಕಿನವನ ಪುಸ್ತಕ!

ಮಾವ ಎದೆಯ ಜೇಬು ತಟ್ಟಿಕೊಂಡರು. ಮುಗಿಯಿತು, ಕನ್ನಡಕ ಮರೆತು ಬಂದೆ ಎನ್ನುತ್ತಾರೆ ಎಂದುಕೊಂಡೆ. ಮಾವ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು.

ಹೊಚ್ಚ ಹೊಸ ಕನ್ನಡಕ! ಅತ್ತೆ ನನ್ನ ಮೊಣಕೈ ಹಿಡಿದರು.

ಮಾವ ಮೈಕಿನಲ್ಲಿ ತಮಿಳಿನಲ್ಲಿ ಹೇಳಿದರು: "ನಿಮಗೆಲ್ಲ ಒಂದು ವಿಷಯ ಹೇಳಬೇಕು. ಇಷ್ಟು ವರ್ಷ ನಾನು ಈ ಪುಸ್ತಕಗಳನ್ನು ಬಡಿಸಿದೆ, ಓದಲಿಲ್ಲ. ನನಗೆ ನಿಮ್ಮ ಅಕ್ಷರ ಬರುತ್ತಿರಲಿಲ್ಲ. ಈ ಹುಡುಗಿ ಓದು ಎಂದಳು. ಇಲ್ಲ ಎನ್ನಲು ನಾಚಿಕೆಯಾಯಿತು, ಸುಳ್ಳು ಹೇಳಿ ಹೇಳಿ ಸಾಕೂ ಆಗಿತ್ತು. ಊರಿನ ಹೆಸರುಗಳು ಬಾಯಿಗೆ ಗೊತ್ತಿದ್ದವು. ಬಸ್ಸಿನ ಬೋರ್ಡಿನಲ್ಲಿ ಅವು ಹೇಗೆ ಕಾಣುತ್ತವೆ ಎಂದು ನೋಡಿ ನೋಡಿ ಒಂದೊಂದೇ ಅಕ್ಷರ ಹಿಡಿದೆ. ಅಡ್ಯಾರಿನಲ್ಲಿ ಒಂದು ಸಿಕ್ಕಿತು, ಶೋಳಿಂಗನಲ್ಲೂರಿನಲ್ಲಿ ಬಹಳ ಸಿಕ್ಕಿದವು. ಓದುವುದು ನಿಧಾನ. ದಯವಿಟ್ಟು ಸ್ವಲ್ಪ ಕೂತಿರಿ."

ಮಾವ ಬೆರಳನ್ನು ಅಕ್ಷರದ ಕೆಳಗಿಟ್ಟರು. ತುಟಿ ಅಲ್ಲಾಡಿತು. "ಅನ್...ರು... ಇ...ರ...ವು..." ಆ ರಾತ್ರಿ ಎಂಬ ಎರಡು ಪದಕ್ಕೆ ಅಷ್ಟು ಹೊತ್ತು ಹಿಡಿಯಿತು. "ಊರ್... ಉ...ರಂ..." ಅಲ್ಲಿ ಸಿಕ್ಕಿಕೊಂಡರು. ಹಿಂದಕ್ಕೆ ಹೋದರು. ಮತ್ತೆ ಕೂಡಿಸಿದರು. "ಉರಂಗಿಯದು!" ಆ ರಾತ್ರಿ ಊರು ನಿದ್ದೆಹೋಗಿತ್ತು.

ಒಂದು ಪುಟ ಮುಗಿಯುವಷ್ಟರಲ್ಲಿ ಹಿಂದೆ ಎಲ್ಲೋ ಕಿಸಕ್ಕೆಂದಿತು. ಕುರ್ಚಿ ಸರಿದ ಸದ್ದಾಯಿತು. ಮಳಿಗೆಗಳ ಕಡೆ ಹೋಗಲೆಂದು ಒಂದು ಗುಂಪು ಎದ್ದಿತು. ಮಾವನಿಗೆ ಕೇಳಿಸಿತು. ಬೆರಳು ನಿಂತಿತು.

"ಏಳೂಕಿಲ್ಲ!"

ನಾನು ಬೆಚ್ಚಿಬಿದ್ದೆ. ಕೂಗಿದ್ದು ವಾಚ್‌ಮನ್. ಜೀವಮಾನದಲ್ಲಿ ಕನ್ನಡದ ಇನ್ನೊಂದು ಪದ ಗೊತ್ತಿಲ್ಲದ ಆ ಮನುಷ್ಯ, ಕೋಲೂರಿ ಹಿಂದಕ್ಕೆ ತಿರುಗಿ, ಅಚ್ಚ ಕುಂದಾಪುರದ ದನಿಯಲ್ಲಿ ಗುಡುಗಿದ್ದ. ಮರುಕ್ಷಣ ವೇದಿಕೆಯ ಬದಿಯಿಂದ ಆ ಸಂಘಟಕ ಹುಡುಗಿ, "ಏಳೂಕಿಲ್ಲ!" ಬೆಳ್ಳಿಯ ರಾಜ, "ಏಳೂಕಿಲ್ಲ!" ಪಂಕ್ತಿಯಲ್ಲಿ ಕೂತು ಕಾಲು ಜೋಮು ಹಿಡಿಸಿಕೊಂಡವರೆಲ್ಲ ಹಾಲಿನ ಮೂಲೆ ಮೂಲೆಯಿಂದ ಕೂಗಿದರು. ಎದ್ದವರು ಕೂತರು. ಬಾಗಿಲಲ್ಲಿ ನಿಂತಿದ್ದವರೂ ನೆಲದ ಮೇಲೆ ಕೂತರು.

ಆ ಕೂಗು ಕೇಳುತ್ತಿರುವಾಗಲೇ ನನಗೆ ಆ ಮೊದಲ ವರ್ಷದ ಮಹಡಿ ನೆನಪಾಯಿತು. ಜನ ಎದ್ದಾಗ ವಾಚ್‌ಮನ್ ಮೆಲ್ಲಗೆ ಮುಚ್ಚಿದ ಪುಸ್ತಕ ನೆನಪಾಯಿತು. ಅಂದು ನಾನೂ ಕಂಡಿದ್ದೆ, ಆದರೆ ಲಕ್ಷ್ಯಕ್ಕೆ ತಂದುಕೊಂಡದ್ದು ಮಾವ ಒಬ್ಬರೇ. ಅವನಿಗೆ ಹೇಗಾಯಿತೆಂದು ಗೊತ್ತಿದ್ದದ್ದೂ ಅವರೊಬ್ಬರಿಗೇ. ನಾನು ಊಟದ ಪದ್ಧತಿಯೆಂದು ನಕ್ಕಿದ್ದೆ. ಹತ್ತು ವರ್ಷದವಳಾಗಿದ್ದಾಗ ಅಷ್ಟು ಜನರ ನಡುವೆ ನಿಂತು ಕೂಗಿದ್ದವಳೂ ನಾನೇ ಅಲ್ಲವೇ? ಅಳು ಬಂತು, ಅತ್ತುಬಿಟ್ಟೆ. ಅತ್ತೆಯೂ ಅಳುತ್ತಿದ್ದರು.

ನಾಲ್ಕು ಪುಟ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಒಬ್ಬರೂ ಏಳಲಿಲ್ಲ. ಮಾವ ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಎರಡನೇ ಸಾಲಿನಲ್ಲಿ ನನ್ನನ್ನು ಹುಡುಕಿ, ಮೈಕು ಎದುರಿಗಿರುವುದನ್ನೂ ಮರೆತು ಕನ್ನಡದಲ್ಲಿ ಹೇಳಿದರು.

"ನೀ ಹೇಳಿದ್ದೇ ಹೌದ್ ಮಗಾ. ಮುಸುಕಿನವ ಕಳ್ಳನೇ."

"ಅಲ್ಲ ಮಾವ" ಎಂದು ನಾನು ಕೂತಲ್ಲಿಂದಲೇ ಕೂಗಿದೆ. "ಅವ ಬೈಂದೂರಿನವ. ಮೂಟೇಲಿ ಅಕ್ಕಿ ಉಂಟು."

ಮಾವ ನಕ್ಕರು. ಆಮೇಲೆ ಇಡೀ ಹಾಲಿಗೆ ಕೈ ಬೀಸಿ, "ಹೂಂ, ಈಗ ಏಳಿ" ಎಂದು ಅಪ್ಪಣೆ ಕೊಟ್ಟರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಏಳಲು ಆಗಲಿಲ್ಲ.